ಲಿಂಬೆಹಣ್ಣಿಗೆ ಹೆದರಿದ ಕಾರು

ದೊಡ್ಡ ಕಾರು ಇದ್ದವರ ಮನೆಯಲ್ಲಿ ಕಾರು ಮಾತ್ರ ಇರುತ್ತದೆ. ಸಣ್ಣ ಕಾರು ಇದ್ದವರ ಮನೆಯಲ್ಲಿ ಕಾರಿನ ಜೊತೆಗೆ ಕತೆಗಳೂ ಇರುತ್ತವೆ. ನಮ್ಮದು ಎಷ್ಟು ಸಣ್ಣದೆಂದರೆ, ಅದಕ್ಕಿಂತ ಸಣ್ಣದು ಬೇಕಾದರೆ ಆಟಿಕೆ ಸಾಮಾನಿನ ಅಂಗಡಿಗೇ ಹೋಗಬೇಕು. ಒಂಬತ್ತು ವರ್ಷವಾಯಿತು. ಪೆಟ್ರೋಲ್ ತೀರಿದ ದಿನ ಇದ್ದೀತು, ಕತೆ ತೀರಿದ ದಿನ ಇಲ್ಲ.

ಕಾರು ಕೊಂಡದ್ದು ಶೋಕಿಗಲ್ಲ, ಮೊಣಕಾಲಿಗೆ. ನಾನು ಧಾರವಾಡದವನು. ವಿಕ್ರೋಳಿಯ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ನಿವೃತ್ತನಾಗಿದ್ದೇನೆ. ಬಂದ ಮಾಲಿನ ದಪ್ಪ, ಉದ್ದ, ಅಗಲ ಅಳೆಯುವುದೇ ಕೆಲಸ. ಮುಲುಂಡ್‌ನಿಂದ ಲೋಕಲ್‌ನಲ್ಲಿ ಓಡಾಡುತ್ತಿದ್ದೆ. ಒಂದು ದಿನ ಡಾಕ್ಟರು ಎಕ್ಸ್‌ರೇ ಹಿಡಿದು, ಇನ್ನು ಸ್ಟೇಷನ್ನಿನ ಬ್ರಿಜ್ ಹತ್ತಬೇಡಿ ಎಂದರು. ಬ್ರಿಜ್ ಹತ್ತದೆ ಮುಂಬಯಿಯಲ್ಲಿ ನೌಕರಿ ಮಾಡುವುದೆಂದರೆ ನೀರಿಗಿಳಿಯದೆ ಈಜಿದ ಹಾಗೆ. ಹಾಗಾಗಿ ಈ ಕಾರು ಬಂತು, ನನ್ನ ನೌಕರಿ ಉಳಿಯಿತು. ಆ ಋಣ ನಾನು ಮರೆತಿಲ್ಲ.

ನನ್ನ ಹೆಂಡತಿ ಮಾತ್ರ ಅದನ್ನು ಮೊದಲ ದಿನದಿಂದಲೂ ಡಬ್ಬಿ ಎಂದೇ ಕರೆದಳು. "ನೋಡ್ರಿ, ಈಗ ಇರ್ಲಿ. ಆದ್ರ ಮಗಳಿಗೆ ವರಾ ನೋಡೋ ಹೊತ್ತಿಗೆ ಈ ಡಬ್ಬಿ ನಮ್ಮ ಗೇಟಿನಾಗ ಇರಬಾರದು" ಎಂದು ಆಗಲೇ ಹೇಳಿದ್ದಳು. ಮಗಳಾಗ ಕಾಲೇಜಿನಲ್ಲಿದ್ದಳು. ಇನ್ನೂ ಬಹಳ ದಿನವಿದೆ ಎಂದು ನಾನು ಹೂಂ ಎಂದುಬಿಟ್ಟೆ.

ಅಳತೆ

ನಮ್ಮ ಬಿಲ್ಡಿಂಗ್ ಕಟ್ಟಿದ ಕಾಲದಲ್ಲಿ ಸ್ಕೂಟರ್ ಇದ್ದವರೇ ಸಾಹುಕಾರರು. ಆದ್ದರಿಂದ ಕಾರು ನಿಲ್ಲಿಸುವ ಜಾಗ ಏಳೇ ಏಳು, ಅವಕ್ಕೆ ಕ್ಯೂ ಇಪ್ಪತ್ತು ಜನರದು. ಇವಲ್ಲದೆ ಒಂದು ಕಂಬಕ್ಕೂ ನೀರಿನ ಪಂಪ್‌ರೂಮಿಗೂ ನಡುವೆ ಒಂದು ಸಂದಿ ಇತ್ತು. ಅಲ್ಲಿ ಬೆಕ್ಕುಗಳು ಮಲಗುತ್ತಿದ್ದವು. ಸೊಸೈಟಿಯ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಜೋರಾದಾಗ ಸೆಕ್ರೆಟರಿ ಬೇಸತ್ತು, "ಅರೇ, ವೋ ಪಂಪ್ ಕೇ ಬಾಜೂ ಮೇ ಜಿಸ್ಕೀ ಗಾಡೀ ಘುಸೇಗೀ, ಜಗಾ ಉಸ್ಕೀ" ಎಂದರು. ಯಾರ ಗಾಡಿ ಅಲ್ಲಿ ತೂರುತ್ತದೋ ಜಾಗ ಅವರದಂತೆ! ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಳೆಯುವುದು ನನ್ನ ಹೊಟ್ಟೆಪಾಡು.

ಭಾನುವಾರ ಬೆಳಿಗ್ಗೆ ಸ್ಟೀಲ್ ಟೇಪು ಹಿಡಿದು ಆ ಸಂದಿಯನ್ನು ಮೂರು ಕಡೆ ಅಳೆದೆ. ಕಂಬದ ಪ್ಲಾಸ್ಟರ್ ಒಂದು ಕಡೆ ಉಬ್ಬಿತ್ತು, ಅದನ್ನೂ ಬರೆದುಕೊಂಡೆ. ಆಮೇಲೆ ಟೇಪಿನೊಂದಿಗೆ ಶೋರೂಮ್‌ಗಳಿಗೆ ಹೊರಟೆ. ಎಲ್ಲರೂ ಮೈಲೇಜ್ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ನಾನು ಕನ್ನಡಿ ಮಡಚಿದರೆ ಅಗಲ ಎಷ್ಟು ಎಂದು ಕೇಳಿದೆ. ಮಾರುವವನಿಗೆ ಗೊತ್ತಿರಲಿಲ್ಲ. "ಸರ್, ಟೆಸ್ಟ್ ಡ್ರೈವ್ ಲೇಂಗೇ?" ಎಂದ. ಬೇಡಪ್ಪ, ಟೇಪಿನ ಆ ತುದಿ ಹಿಡಿ ಎಂದೆ.

ಮೂರನೆಯ ಶೋರೂಮಿನಲ್ಲಿ ಈ ಕಾರು ಸಿಕ್ಕಿತು. ಪಂಪ್‌ರೂಮಿನ ಕಡೆ ನಾಲ್ಕು ಬೆರಳು ಜಾಗ. ಕಂಬದ ಕಡೆ ಬಾಗಿಲು ಒಂದು ಮೊಳ ತೆರೆಯುತ್ತದೆ, ಉಸಿರು ಎಳೆದುಕೊಂಡರೆ ಮನುಷ್ಯ ಹೊರಬರಬಹುದು. ತೂಕ ಇಳಿಸಿ ಎಂದು ಡಾಕ್ಟರು ಆರು ವರ್ಷ ಹೇಳಿ ಸೋತಿದ್ದರು. ಆ ಕಂಬ ನಾಲ್ಕು ತಿಂಗಳಲ್ಲಿ ಇಳಿಸಿತು.

ಕಾರು ಒಳಗೆ ನಿಂತದ್ದನ್ನು ಸೆಕ್ರೆಟರಿ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಮೈನೇ ತೋ ಮಜಾಕ್ ಮೇ ಬೋಲಾ ಥಾ" ಎಂದರು. "ಮಜಾಕ್ ಹೀ ಸಹೀ, ಲೇಕಿನ್ ಮಿನಿಟ್ಸ್ ಮೇ ಆಪ್‌ನೇ ಹೀ ಲಿಖಾ ಹೈ" ಎಂದೆ. ತಮಾಷೆಗೆ ಹೇಳಿದ್ದಾದರೂ ಮೀಟಿಂಗಿನ ವಹಿಯಲ್ಲಿ ಬರೆದವರು ಅವರೇ, ಸಹಿಯೂ ಅವರದೇ ಇತ್ತು.

ಲಿಂಬೆಹಣ್ಣು

ಹೊಸ ಗಾಡಿಗೆ ಪೂಜೆ ಮಾಡಿ, ನಾಲ್ಕು ಗಾಲಿಯ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟು, ಅವನ್ನು ಒಡೆದುಕೊಂಡೇ ಗಾಡಿ ಮುಂದೆ ಹೋಗಬೇಕು. ಲಿಂಬೆಹಣ್ಣಿನ ಜೊತೆ ಕೆಟ್ಟ ದೃಷ್ಟಿಯೂ ಒಡೆಯುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಮುಂಬಯಿಯ ಲಿಂಬೆಹಣ್ಣಿನ ಮೇಲೆ ನಮ್ಮ ಅತ್ತೆಗೆ ವಿಶ್ವಾಸವಿರಲಿಲ್ಲ. ಅವರು ಊರಿನಿಂದ ಬರುವಾಗ ವಿಜಯಪುರ ಸೀಮೆಯ ಹಣ್ಣು ಆರಿಸಿ ತಂದಿದ್ದರು. ಒಂದೊಂದೂ ಮೋಸಂಬಿಯ ತಮ್ಮನ ಹಾಗಿತ್ತು.

ಶೋರೂಮಿನ ಮುಂದೆ ಆರತಿಯಾಯಿತು, ತೆಂಗಿನಕಾಯಿ ಒಡೆಯಿತು. ನಾನು ಡ್ರೈವಿಂಗ್ ಕಲಿತು ಆಗಿನ್ನೂ ಒಂದು ತಿಂಗಳು. ದೇವರನ್ನು ನೆನೆದು ಮೆಲ್ಲಗೆ ಕ್ಲಚ್ ಬಿಟ್ಟೆ. ಕಾರು ಲಿಂಬೆಹಣ್ಣಿಗೆ ತಾಗಿತು, ಒಂದು ಸಲ ನಡುಗಿತು, ನಿಂತುಬಿಟ್ಟಿತು. ಮತ್ತೆ ಸ್ಟಾರ್ಟ್ ಮಾಡಿದೆ. ಮತ್ತೆ ನಿಂತಿತು. ಮೂರನೆಯ ಸಲ ಕಾರು ಹಣ್ಣಿನ ಮೇಲೆ ಅರ್ಧ ಹತ್ತಿ, ಯೋಚನೆ ಮಾಡಿ, ಹಿಂದಕ್ಕೆ ಇಳಿಯಿತು. ಹಿಂದೆ ತಮ್ಮ ಗಾಡಿಯ ಪೂಜೆಗೆ ಕಾದಿದ್ದ ಇನ್ನೊಂದು ಮನೆಯವರು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡಿದ್ದರು.

ಕೊನೆಗೆ ವಾಚ್‌ಮನ್ ಬಂದು ಹಿಂದಿನಿಂದ ಒಂದು ಕೈ ಹಚ್ಚಿದ. ಕಾರು ಮುಂದೆ ಜಿಗಿಯಿತು. ಮೂರು ಹಣ್ಣು ಒಡೆದವು. ನಾಲ್ಕನೆಯದು ಗಾಲಿಯಡಿಯಿಂದ ಸಿಡಿದು, ಉರುಳುತ್ತಾ ಹೋಗಿ ಅತ್ತೆಯವರ ಕಾಲ ಬಳಿ ನಿಂತಿತು. ಅವರು ಅದನ್ನು ಎತ್ತಿ ಸುತ್ತಲೂ ತಿರುಗಿಸಿ ನೋಡಿದರು. ಒಂದು ಗೀರೂ ಬಿದ್ದಿರಲಿಲ್ಲ.

"ಇದಕ್ಯಾಕ ದೃಷ್ಟಿ ತಗೀತೀರಿ? ಹಣ್ಣಿಗೆ ತಗೀರಿ" ಎಂದರು ಅತ್ತೆ.

ಬಾಗಿಲಿನ ಪಟ್ಟು

ಈ ಕಾರಿನ ಎಡಗಡೆಯ ಮುಂದಿನ ಬಾಗಿಲಿಗೆ ಒಂದು ಪಟ್ಟು ಇದೆ. ಸುಮ್ಮನೆ ಎಳೆದರೆ ಕೂಡುವುದಿಲ್ಲ. ಒಳಗೆ ಕೂತವರು ಹಿಡಿಯನ್ನು ತುಸು ಮೇಲಕ್ಕೆತ್ತಿ, ಎಳೆದುಕೊಂಡು, ಮೊಣಕೈಯಿಂದ ಒಂದು ಗುದ್ದು ಕೊಡಬೇಕು. ಎತ್ತು, ಎಳೆ, ಗುದ್ದು. ಮೆಕ್ಯಾನಿಕ್‌ಗೆ ತೋರಿಸಿದೆ. "ಇಸ್ ಮಾಡೆಲ್ ಮೇ ಸಬ್ ಕಾ ಐಸಾ ಹೀ ಹೈ ಚಾಚಾ, ಆದತ್ ಡಾಲೋ" ಎಂದ. ಈ ಮಾಡೆಲಿನ ಎಲ್ಲ ಕಾರುಗಳದೂ ಹೀಗೆಯೇ ಅಂತೆ. ನಾವೂ ಅಭ್ಯಾಸ ಮಾಡಿಕೊಂಡೆವು.

ನಮ್ಮ ಕಾರ್ಖಾನೆಯ ಮ್ಯಾನೇಜರ್ ಆರಡಿ ಎತ್ತರದ, ಮಾತು ಕಡಿಮೆಯ ಮನುಷ್ಯ. ಅವರ ದೊಡ್ಡ ಕಾರು ರಿಪೇರಿಗೆ ಹೋದಾಗ ಮುಲುಂಡ್‌ನವರೇ ಆದ್ದರಿಂದ ಒಂದು ತಿಂಗಳು ನನ್ನ ಜೊತೆ ಬಂದರು. ಮೊದಲ ದಿನ ಮೊಣಕಾಲನ್ನು ಗಲ್ಲಕ್ಕೆ ಹಚ್ಚಿಕೊಂಡು ಕೂತು, ಬಾಗಿಲನ್ನು ಬಹಳ ಮರ್ಯಾದೆಯಿಂದ ಎಳೆದುಕೊಂಡರು. ಅದು ತೆರೆದುಕೊಂಡಿತು. ಮತ್ತೆ ಎಳೆದರು, ಮತ್ತೆ ತೆರೆಯಿತು. ಮ್ಯಾನೇಜರಿಗೆ ಗುದ್ದಿ ಎಂದು ಹೇಳುವುದು ಹೇಗೆ? ನಾನೇ ಅವರ ಮೈಮೇಲೆ ಬಾಗಿ, ಸಾರಿ ಸರ್ ಎನ್ನುತ್ತಾ ಗುದ್ದಿದೆ. ನಾಲ್ಕು ದಿನಕ್ಕೆ ಅವರೇ ಕಲಿತರು. ಎರಡು ವಾರಕ್ಕೆ ನನಗಿಂತ ಚೆನ್ನಾಗಿ ಗುದ್ದುತ್ತಿದ್ದರು.

ತಿಂಗಳಾದ ಮೇಲೆ ಅವರ ಕಾರು ಬಂತು. ಮರುದಿನ ಹೆಡ್ ಆಫೀಸಿನ ಸಾಹೇಬರು ವಿಕ್ರೋಳಿಗೆ ಬಂದಿದ್ದರು. ಮೀಟಿಂಗ್ ಮುಗಿಸಿ ಎದ್ದ ಸಾಹೇಬರನ್ನು ನಮ್ಮ ಮ್ಯಾನೇಜರ್ ಸಾಹೇಬರ ಕಾರಿನವರೆಗೆ ಕರೆದೊಯ್ದರು, ತಾವೂ ಒಳಗೆ ಕೂತರು. ಅಷ್ಟು ದೊಡ್ಡ ವಿದೇಶಿ ಕಾರಿನ ಬಾಗಿಲನ್ನು ಎತ್ತಿ, ಎಳೆದು, ಮೊಣಕೈಯಿಂದ ಧಡ್ ಎಂದು ಗುದ್ದಿದರು. ಸಾಹೇಬರು ವಿಕ್ರೋಳಿಯಿಂದ ಥಾಣೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದರಂತೆ.

ಮೋರಯಾ

ಒಂದು ವರ್ಷ ಗಣಪತಿ ಹಬ್ಬಕ್ಕೆ ಸರಿಯಾಗಿ ನಮ್ಮ ಪಂಪ್ ಕೆಟ್ಟಿತು. ರಿಪೇರಿಯವರು ಸಾಮಾನು ಹರಡಿದ್ದರಿಂದ ಕಾರನ್ನು ಗಲ್ಲಿಯಲ್ಲಿ ನಿಲ್ಲಿಸಬೇಕಾಯಿತು. ಸಂಜೆ ನೋಡಿದರೆ ಕಾರು ಇಲ್ಲ. ಅದು ನಿಂತಿದ್ದ ಜಾಗದಲ್ಲಿ ಮಂಟಪದ ಬಿದಿರು ಎದ್ದಿತ್ತು. ಗಣಪತಿ ಕೂರಿಸುವ ಮಂಡಳಿಯವರು, "ಕಾಕಾ, ಟೆನ್ಶನ್ ನಕೋ" ಎಂದು ಕೈ ತೋರಿಸಿದರು. ಆರು ಜನ ಸೇರಿ ಕಾರನ್ನು ಎತ್ತಿ, ಮುಚ್ಚಿದ್ದ ಒಂದು ಅಂಗಡಿಯ ಕಟ್ಟೆಗೂ ಗೋಡೆಗೂ ನಡುವೆ ಪುಸ್ತಕ ಇಟ್ಟ ಹಾಗೆ ಇಟ್ಟಿದ್ದರು. ಎರಡೂ ಕಡೆ ಬಾಗಿಲು ತೆರೆಯುವಂತಿರಲಿಲ್ಲ.

"ನಾನು ಕೂಡೋದು ಹೆಂಗೆ?" ಎಂದು ಕೇಳಿದೆ. ಅದನ್ನು ಅವರು ಯೋಚಿಸಿರಲಿಲ್ಲ. ಆದರೆ ಒಳ್ಳೆಯ ಜನ. ಹತ್ತೂ ದಿನ ಬೆಳಿಗ್ಗೆ ಎತ್ತಿ ರಸ್ತೆಗೆ ಇಡುತ್ತಿದ್ದರು, ಸಂಜೆ ನಾನು ಬಂದ ಮೇಲೆ ಎತ್ತಿ ಒಳಗೆ ಇಡುತ್ತಿದ್ದರು. ಜೊತೆಗೆ ದಿನಾ ಒಂದು ಮೋದಕ. ಯಾವ ಕಾರಿನವನಿಗೆ ಈ ಭಾಗ್ಯ ಇದೆ?

ವಿಸರ್ಜನೆಯ ಮರುದಿನ ಬೆಳಿಗ್ಗೆ ಕೊನೆಯ ಸಲ ಎತ್ತಿದರು. ಹಿಂದಿನ ದಿನವೆಲ್ಲ ಕೂಗಿ ಕೂಗಿ ಅಭ್ಯಾಸವಾಗಿತ್ತಲ್ಲ, ಹೆಗಲು ಕೊಡುತ್ತಲೇ ಆರೂ ಜನರ ಬಾಯಿಂದ "ಗಣಪತಿ ಬಾಪ್ಪಾ" ಎಂದು ತಾನಾಗಿ ಬಂತು, ಗಲ್ಲಿಯವರು "ಮೋರಯಾ" ಎಂದರು. ಮಾರ್ಕೆಟ್ಟಿಗೆ ಹೊರಟಿದ್ದ ಒಬ್ಬ ಅಜ್ಜಿ ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ನನ್ನ ಕಾರಿಗೆ ಕೈಮುಗಿದಳು.

ಬೆಲ್ಟ್ ಹಾಕಿದ ಸಾಂಬಾರು

ನಮ್ಮ ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ಒಬ್ಬರಿದ್ದಾರೆ. ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಾರೆ. ಅವರ ಕೆಲಸದವರು ಕರೆಯುವ ಹಾಗೆ ನಾವೂ ಧಣಿ ಎನ್ನುತ್ತೇವೆ. ಅವರ ಕಾರು ನಮ್ಮ ಕಾರಿನ ಎರಡರಷ್ಟು. ದಿನಾ ಬೆಳಿಗ್ಗೆ ನನ್ನ ಕಾರಿನ ಮುಂದೆ ನಿಂತು ಏನಾದರೂ ಒಂದು ಅನ್ನದಿದ್ದರೆ ಅವರಿಗೆ ತಿಂದದ್ದು ಜೀರ್ಣವಾಗುವುದಿಲ್ಲ. "ಎಂತ ಮಾರಾಯ್ರೆ, ಇದು ಕಾರಾ? ಇದನ್ನು ಚಾಯಲ್ಲಿ ಅದ್ದಿ ತಿನ್ಲಿಕ್ಕೆ ಆಗ್ತದೆ."

ಒಂದು ದಿನ ವಿಕ್ರೋಳಿಯ ಒಂದು ಆಫೀಸಿನಿಂದ ಅವರಿಗೆ ಮಧ್ಯಾಹ್ನದ ಊಟದ ಆರ್ಡರ್ ಇತ್ತು. ಅದೇ ದಿನ ಹೋಟೆಲಿನ ಮುಂದಿನ ರಸ್ತೆ ಅಗೆದುಬಿಟ್ಟರು. ಟೆಂಪೋ ಒಳಗೆ ಬರುವಂತಿಲ್ಲ, ಅವರ ದೊಡ್ಡ ಕಾರು ಹೊರಗೆ ಹೋಗುವಂತಿಲ್ಲ. ನಮ್ಮ ಮನೆಯ ಬೆಲ್ ಬಾರಿಸಿ, ಬಾಗಿಲಲ್ಲೇ ನಿಂತು, "ನಿಮ್ಮ ಗಾಡಿ ಸಿಗ್ಬಹುದಾ?" ಎಂದರು. ಆ ದಿನ ಅದನ್ನು ಚಾಯಲ್ಲಿ ಅದ್ದುವ ಮಾತು ಬರಲಿಲ್ಲ.

ಇಡ್ಲಿಯ ಡಬ್ಬಗಳು ಹಿಂದಿನ ಸೀಟಿನಲ್ಲಿ, ವಡೆ ಡಿಕ್ಕಿಯಲ್ಲಿ. ಇವೆಲ್ಲದರ ನಡುವೆ ಧಣಿ, ಅವರ ತೊಡೆಯ ಮೇಲೆ ಚಟ್ನಿ. ಸಾಂಬಾರಿನ ದೊಡ್ಡ ಸ್ಟೀಲ್ ಡಬ್ಬ ಮಾತ್ರ ಎಲ್ಲೂ ಹಿಡಿಯಲಿಲ್ಲ. ಅದನ್ನು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿ, ಉರುಳಬಾರದೆಂದು ಸೀಟ್ ಬೆಲ್ಟ್ ಬಿಗಿದು, ಬಾಗಿಲು ಎತ್ತಿ ಎಳೆದು ಗುದ್ದಿದೆವು.

ಭಾಂಡುಪಿನ ಹತ್ತಿರ ಪೊಲೀಸ್ ಕೈ ಮಾಡಿದ. ಕಿಟಕಿಯಲ್ಲಿ ಇಣುಕಿದ. ನನ್ನ ಬೆಲ್ಟ್ ನೋಡಿದ, ಸರಿ. ಸಾಂಬಾರಿನ ಬೆಲ್ಟ್ ನೋಡಿದ, ಒಂದು ಗಳಿಗೆ ತಡೆದ. ಆಮೇಲೆ ಹಿಂದಿನ ಸೀಟಿನಲ್ಲಿ ಚಟ್ನಿ ಹಿಡಿದು ಬೆಲ್ಟಿಲ್ಲದೆ ಕೂತ ಧಣಿಯನ್ನು ನೋಡಿದ. ಧಣಿ ಇಡ್ಲಿಯ ಬಿಸಿಗೆ ಬೆವರುತ್ತಿದ್ದರು. ಪೊಲೀಸ್ ಸಾಂಬಾರಿನ ಡಬ್ಬದ ಮೇಲೆ ಕೈಯಿಟ್ಟು ಬಹಳ ಗಂಭೀರವಾಗಿ ಹೇಳಿದ: "ಸೇಠ್, ಇಸ್ ಸೇ ಕುಛ್ ಸೀಖೋ." ಧಣಿ ಆ ಡಬ್ಬವನ್ನು ನೋಡಿ ಕಲಿಯಬೇಕಂತೆ.

ಊಟ ಹೊತ್ತಿಗೆ ಸರಿಯಾಗಿ ತಲುಪಿತು. ಅಂದಿನಿಂದ ತಿಂಗಳಿಗೊಂದು ಸಲ ಧಣಿಯ ಮನೆಯಿಂದ ನೀರುದೋಸೆ ಬರುತ್ತದೆ. ತಮಾಷೆ ಬಿಟ್ಟಿಲ್ಲ. ಆದರೆ ಅದಕ್ಕೆ ಮೊದಲು ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸುತ್ತಾರೆ.

ಇದು ಯಾರದು

ನಗು ಸಾಕು, ಈಗ ನಮ್ಮ ಮನೆಯ ಸಂಕಟದ ಮಾತು.

ಹೋದ ವರ್ಷ ಮಗಳನ್ನು ನೋಡಲು ಪುಣೆಯಿಂದ ಒಂದು ಮನೆಯವರು ಬಂದಿದ್ದರು. ಎಲ್ಲ ಚೆನ್ನಾಗಿಯೇ ಆಯಿತು. ಹೊರಡುವಾಗ ಹುಡುಗನ ಸೋದರಮಾವ ಕಂಬದ ಹತ್ತಿರ ನಿಂತು, "ಇದು ಯಾರದು? ಕಿರಾಣಿ ಅಂಗಡಿಯವರ ಡೆಲಿವರಿ ಗಾಡಿ ಏನು?" ಎಂದ. ನಾನು ನಮ್ಮದು ಎಂದೆ. ಆತ ಹೌದಾ ಎಂದ. ವಾರದ ಮೇಲೆ ಕುಂಡಲಿ ಕೂಡುವುದಿಲ್ಲ ಎಂದು ಮೆಸೇಜ್ ಬಂತು.

"ಕುಂಡಲಿ ಮೊದಲs ನೋಡಿದ್ರು. ಆಮ್ಯಾಲೆ ನೋಡಿದ್ದು ಡಬ್ಬಿನ" ಎಂದಳು ನನ್ನ ಹೆಂಡತಿ. ಆ ದಿನ ಅವಳು ಅತ್ತಳು. ಅವಳು ಜಗಳಾಡಿದರೆ ನನಗೆ ಉತ್ತರ ಗೊತ್ತು, ಅತ್ತರೆ ಗೊತ್ತಿಲ್ಲ. ಮಾರಿಬಿಡೋಣ ಎಂದು ಒಪ್ಪಿಕೊಂಡೆ. ಆದರೆ ಇವತ್ತು ನಾಳೆ ಎನ್ನುತ್ತಾ ದಿನ ತಳ್ಳಿದೆ.

ಈ ವರ್ಷ ಮಗಳೇ ಬಂದು ಒಬ್ಬ ಹುಡುಗನ ಹೆಸರು ಹೇಳಿದಳು. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಮೂಲ ಬೆಳಗಾವಿ ಕಡೆಯವರು. ಒಂದು ವರ್ಷದಿಂದ ಪರಿಚಯ. ಹಿರಿಯರು ಬಂದು ಮನೆ ನೋಡಿ ಹೂಂ ಅನ್ನುವುದೊಂದು ಬಾಕಿ. "ಅಪ್ಪಾ, ಇದು ಆಗ್ಲಿಲ್ಲ ಅಂದ್ರ ನಾ ಮತ್ತ ಯಾರ ಮುಂದೂ ಟ್ರೇ ಹಿಡ್ಕೊಂಡು ಬರೋದಿಲ್ಲ. ಫೈನಲ್" ಎಂದಳು. ಅವಳ ಕನ್ನಡ ಅಷ್ಟಕ್ಕಷ್ಟೇ, ಆದರೆ ಅದು ಎಲ್ಲರಿಗೂ ಸರಿಯಾಗಿ ತಿಳಿಯಿತು.

ಹೆಂಡತಿ ಎಲ್ಲ ಯೋಜನೆ ಹಾಕಿದಳು. ಕಾರಿನ ಮೇಲೆ ಹಳೆಯ ಹೂವಿನ ಚಾದರ ಹೊದಿಸಿ, ಅದರ ಮೇಲೆ ತಾಟುಗಳಲ್ಲಿ ಸಂಡಿಗೆ ಒಣಗಲು ಇಟ್ಟಳು. ಯಾರು ನೋಡಿದರೂ ಸಂಡಿಗೆಯ ಕಟ್ಟೆ ಅನ್ನಬೇಕು. ಧಣಿಗೆ ಹೇಳಿ ಅವರ ದೊಡ್ಡ ಕಾರನ್ನು ಗೇಟಿನ ಮುಂದೆ ತರಿಸಿ ನಿಲ್ಲಿಸಿದಳು. "ನಮ್ಮದು ಅಂತ ನಾವು ಹೇಳೂದಿಲ್ಲ. ಅವರು ತಿಳಕೊಂಡ್ರ ನಾವೇನ ಮಾಡೂಣು?" ಎಂದಳು. ಮಗಳಿಗೂ ಕಟ್ಟಪ್ಪಣೆಯಾಯಿತು: ಗಾಡಿಯ ವಿಷಯ ಎತ್ತಬಾರದು.

ಭಾನುವಾರ ಹನ್ನೊಂದಕ್ಕೆ ಬೀಗರಾಗುವವರು ಬಂದರು, ಬಹಳ ದೊಡ್ಡ ಕಾರಿನಲ್ಲಿ. ನಮ್ಮ ಗಲ್ಲಿಯ ಅರ್ಧವನ್ನು ಪೈಪಿಗಾಗಿ ಅಗೆದಿದ್ದರು. ಅವರಿಗೆ ದಾರಿಯಾಗಲಿ ಎಂದು ಧಣಿ ಒಳ್ಳೆಯ ಮನಸ್ಸಿನಿಂದ ತಮ್ಮ ಕಾರನ್ನು ಗಲ್ಲಿಯಿಂದ ಹೊರಗೆ ತೆಗೆಯಹೋದರು. ಎರಡೂ ಗಲ್ಲಿಯ ನಟ್ಟನಡುವೆ ಮೂತಿಗೆ ಮೂತಿ ಹಚ್ಚಿ ನಿಂತವು. ಅವರ ಹಿಂದೆ ನೀರಿನ ಟ್ಯಾಂಕರ್ ಬಂತು, ಧಣಿಯ ಹಿಂದೆ ಕಸದ ಲಾರಿ. ಇನ್ನು ಯಾರೂ ಯಾವ ಕಡೆಗೂ ಹೋಗುವಂತಿರಲಿಲ್ಲ.

ಹುಡುಗ, ಅವನ ತಂದೆ, ತಾಯಿ ಇಳಿದು ಹಲಗೆಗಳ ಮೇಲೆ ಹೆಜ್ಜೆಯಿಟ್ಟು ನಡೆದು ಬಂದರು. ಆದರೆ ಹೂಂ ಅನ್ನಬೇಕಾದವರು ಹುಡುಗನ ಅಜ್ಜಿ. ಅವರ ಮೊಣಕಾಲು ನನ್ನ ಮೊಣಕಾಲಿಗಿಂತ ಹಳೆಯದು. ಕಾರಿನಲ್ಲಿ ಬಿಸಿಲಿಗೆ ಬೆಂದು ಕೂತಿದ್ದರು. ಟ್ಯಾಂಕರ್ ಸರಿದ ಮೇಲೆ ಹಿಂದಕ್ಕೆ ಹೋಗೋಣ, ಇನ್ನೊಂದು ದಿನ ಬರೋಣ ಎಂಬ ಮಾತು ಅವರಲ್ಲಿ ಶುರುವಾಯಿತು. ಇನ್ನೊಂದು ದಿನ ಎಂದರೆ ಏನೆಂದು ನಮಗೆ ಗೊತ್ತಿತ್ತು. ಮಗಳ ಮುಖ ಸಣ್ಣದಾಯಿತು.

ಕಸದ ಲಾರಿಗೂ ಗೋಡೆಗೂ ನಡುವಿನ ಸಂದಿಯನ್ನು ನಾನು ಕಣ್ಣಲ್ಲೇ ಅಳೆದೆ. ಕಂಬದ ಸಂದಿಗಿಂತ ಎರಡು ಬೆರಳು ಹೆಚ್ಚೇ ಇತ್ತು. ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿ ತೆರೆದು, ತಾನೇ ಸಂಡಿಗೆಯ ತಾಟು ಎತ್ತತೊಡಗಿದಳು. ಚಾದರವನ್ನು ಹಿಂದಿನ ಸೀಟಿಗೆ ಎಸೆದು ಹೊರಟೆ.

ಅಜ್ಜಿಯನ್ನು ಧಣಿಯೂ ಹುಡುಗನೂ ಸೇರಿ ಕೈಹಿಡಿದು ತಂದು ನನ್ನ ಪಕ್ಕ ಕೂರಿಸಿದರು. ಬಾಗಿಲಿನ ಪಟ್ಟು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ಅಜ್ಜಿ ಹಿಡಿಯನ್ನು ಮೇಲಕ್ಕೆತ್ತಿ, ಎಳೆದುಕೊಂಡು, ಮೊಣಕೈಯಿಂದ ಒಂದು ಗುದ್ದು ಕೊಟ್ಟರು. ಬಾಗಿಲು ಗಪ್ಪನೆ ಕೂಡಿತು.

"ಆಯಿ, ಈ ಬಾಗಲದ ಗುಟ್ಟು ನಿಮಗ ಹೆಂಗ ಗೊತ್ತಾತ್ರಿ?" ಎಂದೆ.

ಅಜ್ಜಿ ಹಿಂದೆ ತಿರುಗಿ ಸೊಸೆ ಎಷ್ಟು ದೂರದಲ್ಲಿದ್ದಾಳೆ ಎಂದು ನೋಡಿದರು. "ಎಂಟು ವರ್ಷಾತಪಾ, ಇಂಥಾದ್ರಾಗs ಅಡ್ಡಾಡೇನಿ. ನಮ್ಮದು ಬಿಳೀದು."

"ಮತ್ತ ಇವತ್ತ?"

"ಇದು ಬಾಡಿಗೀದು. ಹೆಣ್ಣಿನವರ ಮನಿಗೆ ಡಬ್ಬಿ ಒಯ್ದ್ರ ಮರ್ಯಾದಿ ಉಳಿಯೂದಿಲ್ಲ ಅಂದ್ಲು ನಮ್ಮ ಸೊಸಿ. ನಮ್ಮದಕ್ಕ ಚಾದರಾ ಹೊಚ್ಚಿ ಹಿಂದ ನಿಲ್ಲಿಸ್ಯಾಳ. ಇದು ಎತ್ತರ ಎಷ್ಟ ಅದ ನೋಡು, ನನ್ನ ಸ್ಟೂಲ್ ಹಾಕಿ ಹತ್ತಿಸಿದ್ರು. ನಾ ಹೇಳೀನಿ ಅಂತ ಹೇಳಬ್ಯಾಡ ಮತ್ತ." ಆಮೇಲೆ ಮೂಗೇರಿಸಿ, "ಸಾಂಬಾರ ವಾಸನಿ ಬರ್ತದಲ್ಲ?" ಎಂದರು. ಅದು ನಿಜಕ್ಕೂ ಇನ್ನೂ ಹೋಗಿಲ್ಲ.

ಮಾತು ಕೊಟ್ಟಿದ್ದೆ, ಉಳಿಸಿಕೊಂಡೆ. ಅವಲಕ್ಕಿ ಆಯಿತು, ಚಹಾ ಆಯಿತು. ಹೆಂಡತಿ ಅಜ್ಜಿಗೂ ಹುಡುಗನ ತಾಯಿಗೂ ಉಡಿ ತುಂಬಿದಳು. ಎಲ್ಲ ಮರ್ಯಾದೆಯಿಂದ ನಡೆಯಿತು, ಆದರೆ ಯಾರೂ ಹೂಂ ಅನ್ನಲಿಲ್ಲ. ಕಳಿಸಲು ಕೆಳಗೆ ಬಂದೆವು. ಮತ್ತೆ ಕಂಬದ ಸಂದಿಗೆ ಹೋಗಿ ನಿಂತಿದ್ದ ಕಾರನ್ನು ಹುಡುಗನ ತಾಯಿ ಆಗ ಸರಿಯಾಗಿ ನೋಡಿದರು. ನಿಂತರು.

"ಇದು ಯಾರದ್ರಿ?"

ಹೋದ ವರ್ಷ ನಿಂತ ಜಾಗದಲ್ಲೇ, ಅದೇ ಮಾತು. ಮಗಳು ನನ್ನ ತೋಳು ಹಿಡಿದುಕೊಂಡಳು. ನಾನು ಉತ್ತರ ಕೊಡುವ ಮೊದಲೇ ನನ್ನ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು.

"ನಮ್ಮದ್ರಿ. ಚಾದರಾ ಹೊಚ್ಚಿ ಮುಚ್ಚಿಟ್ಟಿದ್ದೆ, ಸುಳ್ಳ ಯಾಕ ಹೇಳ್ಲಿ. ಆದ್ರ ಇದು ಇರದಿದ್ರ ಇವರ ನೌಕರಿ ಒಂಬತ್ತು ವರ್ಷದ ಹಿಂದs ಹೋಗ್ತಿತ್ತು. ಇವಳ ಕಾಲೇಜೂ ಮುಗೀತಿರಲಿಲ್ಲ. ನಮ್ಮ ಮನಿ ನಡೆಸಿದ್ದು ಇದs. ನಿಮಗ ಕಡಿಮಿ ಅನಿಸಿದ್ರ ಅನಿಸ್ಲಿ."

ಒಂಬತ್ತು ವರ್ಷದಲ್ಲಿ ಅವಳು ಅದಕ್ಕೆ ಡಬ್ಬಿ ಎನ್ನದೆ ಮಾತಾಡಿದ್ದು ಅದೇ ಮೊದಲು.

ಹುಡುಗನ ತಾಯಿ ಗಂಡನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ದೊಡ್ಡದಾಗಿ ಉಸಿರು ಬಿಟ್ಟು, ನನ್ನ ಹೆಂಡತಿಯ ಕೈಹಿಡಿದು ಮೆಲ್ಲಗೆ ಕೇಳಿದರು: "ನಿಮ್ಮದರ ಎಡಗಡೆ ಬಾಗಲಾ ಆದ್ರೂ ಕೂಡ್ತದೇನ್ರಿ?"

ಅಜ್ಜಿ ಗೋಡೆಗೆ ಆನಿಕೊಂಡು ನಗತೊಡಗಿದರು. ಆಮೇಲೆ ಯಾರು ಯಾರಿಗೆ ಏನು ಹೇಳಿದರೋ ಗೊತ್ತಿಲ್ಲ. ಹೆಂಗಸರಿಬ್ಬರೂ ತಮ್ಮ ತಮ್ಮ ಚಾದರದ ಕತೆ ಹೇಳಿಕೊಂಡರು. ಹುಡುಗನ ತಂದೆ ನಾಲ್ಕು ಬೆರಳಿನ ಸಂದಿಯನ್ನು ಬಾಗಿ ನೋಡಿ, "ಇದನ್ನ ಒಳಗ ಹೆಂಗ ತಗೊಂಡ್ರಿ?" ಎಂದು ಕೇಳಿದರು. ಅಂಥ ಪ್ರಶ್ನೆಯನ್ನು ಜೀವನದಲ್ಲಿ ಯಾರೂ ನನಗೆ ಅಷ್ಟು ಗೌರವದಿಂದ ಕೇಳಿರಲಿಲ್ಲ. ಅಜ್ಜಿ ನಮ್ಮ ಮಗಳನ್ನು ಹತ್ತಿರ ಕರೆದು ತಲೆ ನೇವರಿಸಿ, "ಹೂಂ. ಸಣ್ಣ ಜಾಗಾದಾಗ ಬಾಳೇವು ಮಾಡೂದು ಈ ಮನ್ಯಾಗ ಎಲ್ಲಾರಿಗೂ ಗೊತ್ತದ" ಎಂದರು. ಅಷ್ಟೇ, ಮಾತು ಮುಗಿಯಿತು.

ಅವರು ಹೋದ ಮೇಲೆ ಮಗಳನ್ನು ಕೇಳಿದೆ. "ಅವರ ಮನ್ಯಾಗೂ ಇಂಥಾದs ಅದ ಅಂತ ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತಲ್ಲ. ಅದರಾಗೇ ತೋ ನಾವು ಜುಹೂಕ್ಕ ಹೋಗೋದು."

"ಮತ್ತ ಯಾಕ ಹೇಳಲಿಲ್ಲ?"

"ಅಮ್ಮಾನೇ ಹೇಳಿದ್ಲು, ಗಾಡಿ ಬಗ್ಗೆ ಮಾತಾಡಬೇಡ ಅಂತ. ಅವನಿಗೂ ಅವನ ಅಮ್ಮ ಸೇಮ್ ಹೇಳಿದ್ರು."

ಹೆಂಡತಿ ಇದನ್ನು ಕೇಳಿಸಿಕೊಂಡಂತೆ ತೋರಿಸಿಕೊಳ್ಳಲಿಲ್ಲ. ಸೆರಗಿನ ತುದಿಯಿಂದ ಕಾರಿನ ಕನ್ನಡಿಯ ಮೇಲೆ ಅಂಟಿದ್ದ ಸಂಡಿಗೆಯ ಚೂರನ್ನು ಒರೆಸುತ್ತಿದ್ದಳು. ಬೆಳಗಿನಿಂದ ಬಿಲ್ಡಿಂಗಿನ ಎಲ್ಲ ಕಿಟಕಿಯವರೂ ಇಣುಕಿ ನೋಡಿದ್ದರು. ಅವಳು ಕಾರನ್ನು ಒಂದು ಸುತ್ತು ನೋಡಿ, ನನ್ನ ಕಡೆ ತಿರುಗಿದಳು.

"ಇಷ್ಟ ಮಂದಿ ಕಣ್ಣ ಬಿದ್ದದ, ದೃಷ್ಟಿ ಆಗಿರ್ತದ. ನಾಳೆ ಮಾರ್ಕೆಟ್ಟಿಗೆ ಹೋದಾಗ ನಾಲ್ಕು ಲಿಂಬಿಹಣ್ಣ ತರ್ರಿ" ಎಂದಳು. ಮೆಟ್ಟಿಲು ಹತ್ತಲು ಹೋದವಳು ಏನೋ ನೆನಪಾಗಿ ನಿಂತಳು. "ಸಣ್ಣವು ತರ್ರಿ."